ಮೂರು ಚಕ್ರದ ಗಾಣ

ನಿಗಡಿ, ಪುಣೆ
12 ಜೂನ್ 2003

ಬಾರ್ಶಿ ಬ್ಯಾಂಕಿನ ಸಾಹೇಬರಿಗೆ,

ನೀವು ವರ್ಗವಾಗಿ ಹೋಗಿ ಎರಡು ತಿಂಗಳಾಯಿತು. ಶನಿವಾರಕ್ಕೊಮ್ಮೆ ಫೋನು ಮಾಡುತ್ತೀರಿ, ಇಲ್ಲವೆನ್ನುವುದಿಲ್ಲ. ಆದರೆ ಫೋನಿನ ಪಕ್ಕದಲ್ಲೇ ಅತ್ತೆಯ ಮಂಚ. ಮಾತೆಲ್ಲ ಸೊಂಟನೋವು, ಮುಲಾಮು, ನಿಮ್ಮ ಊಟದ ಡಬ್ಬಿ ಇಷ್ಟರಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಈ ಪತ್ರ.

ಸೋಮವಾರ ಮಷಿನ್ ಬಂತು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಅವರೊಬ್ಬರನ್ನೇ ಬಿಟ್ಟು ದಿನಾ ವಿಮಾನ ನಗರಕ್ಕೆ ಹೋಗಿಬರಲು ಆಗುವುದಿಲ್ಲ ಎಂದು ಆಫೀಸಿನಲ್ಲಿ ಕೇಳಿಕೊಂಡಿದ್ದೆನಲ್ಲ, ಅಲ್ಲಿಯ ಸಾಹೇಬರು ಒಪ್ಪಿ ದೊಡ್ಡ ಕಂಪ್ಯೂಟರನ್ನೇ ಮನೆಗೆ ಕಳಿಸಿದರು. ಇನ್ನೂ ಬುನಾದಿ ಹಾಕದ ಫ್ಲ್ಯಾಟಿನೊಳಗೆ ಗಿರಾಕಿ ಅಡ್ಡಾಡಿ ಬಂದಂತೆ ತೋರಿಸುವ ಚಿತ್ರಗಳನ್ನು ಇನ್ನು ಮೇಲೆ ನಮ್ಮ ಪಡಸಾಲೆಯಲ್ಲೇ ಕೂತು ಮಾಡುತ್ತೇನೆ.

ಹಚ್ಚಿಕೊಡಲು ಬಂದವನು ಸ್ವಪ್ನಿಲ್. ಆಫೀಸಿನ ಮಷಿನ್‌ಗಳನ್ನೆಲ್ಲ ನೋಡಿಕೊಳ್ಳುವವನು, ಶಿವಾಜಿನಗರದವನು, ನನ್ನ ವಯಸ್ಸಿನವನೇ ಇರಬೇಕು. ವರ್ಷವರ್ಷಕ್ಕೆ ಕರಾರು ಬರೆದುಕೊಡುವ ನೌಕರಿ. ಮೂರು ಸಿ.ಡಿ. ಹಾಕಿ ಸ್ವಪ್ನಿಲ್ ಲಿನಕ್ಸ್ ಕೂರಿಸಿದ. ಕೂತಿತು, ಆದರೆ ಚಿತ್ರವಿಲ್ಲ. ಕಪ್ಪು ಪರದೆ, ಮೇಲೆ ಬಿಳಿ ಅಕ್ಷರ. ಕೆಟ್ಟಿತೇ ಎಂದು ಕೇಳಿದೆ. ಸ್ವಪ್ನಿಲ್ ನಕ್ಕು ಹೇಳಿದ, ಚಿತ್ರದ ಕಾರ್ಡಿಗೆ ಅದರದೇ ಡ್ರೈವರ್ ಬೇಕು. ಲಿನಕ್ಸಿನ ತಳದಲ್ಲಿ ಕರ್ನಲ್ ಎಂಬುದೊಂದು ಇರುತ್ತದಂತೆ. ಡ್ರೈವರನ್ನು ಆ ಕರ್ನಲ್‌ನ ಮೈಯಳತೆಗೆ ಅಂಗಿ ಹೊಲಿದ ಹಾಗೆ ಅಲ್ಲೇ ಹೊಲಿಯಬೇಕು. ಕರ್ನಲ್ ಬದಲಾಯಿಸಿದರೆ ಹಳೆಯ ಅಂಗಿ ಬರುವುದಿಲ್ಲ, ಮತ್ತೆ ಹೊಲಿಯಬೇಕು.

ಮಧ್ಯಾಹ್ನ ಎರಡಕ್ಕೆ ಪರದೆಯ ಮೇಲೆ ಬಣ್ಣ ಬಂತು. ಪರೀಕ್ಷೆಗೆಂದು ಸ್ವಪ್ನಿಲ್ ಮೂರು ಹಲ್ಲುಚಕ್ರ ತಿರುಗಿಸಿದ, ಕೆಂಪು, ಹಸಿರು, ನೀಲಿ, ಒಂದರ ಹಲ್ಲಿನಲ್ಲಿ ಇನ್ನೊಂದು. ಡ್ರೈವರ್ ಇಲ್ಲದಾಗ ಸೆಕೆಂಡಿಗೆ ಇನ್ನೂರು ಚಿತ್ರ, ಈಗ ಮೂರು ಸಾವಿರ. ಅತ್ತೆ ಮಂಚದ ಮೇಲಿಂದಲೇ, "ಅಯ್ ಶಿವನ, ನಮ್ಮೂರ ಗಾಣಾ ತಿರುಗಿದಂಗ ತಿರಗತಾವಲ್ಲ ಯವ್ವಾ!" ಎಂದರು. ಅವರೇ ಒತ್ತಾಯ ಮಾಡಿ ಸ್ವಪ್ನಿಲ್‌ಗೆ ನಾಲ್ಕು ರೊಟ್ಟಿ ಬಡಿಸಿದರು. ಅವನು ಅವರಿಗೆ ಕಾಕೂ ಎನ್ನುತ್ತಾನೆ, ನನಗೆ ವಹಿನಿ.

ಪಂಚಮಿಗೆ ಬರುವಾಗ ಟೆಂಭುರ್ಣಿಯಲ್ಲಿ ಚಹಾಕ್ಕೆಂದು ಇಳಿಯಬೇಡಿ. ಕೂಗಿ ಬಸ್ಸು ನಿಲ್ಲಿಸಲು ಈ ಸಲ ನಾನು ಒಳಗಿರುವುದಿಲ್ಲ.

ನಿಮ್ಮ
ಶೀತಲ್


ಬಾರ್ಶಿ
17 ಜೂನ್ 2003

ಪ್ರಿಯ ಶೀತಲ್,

ಪತ್ರ ಮುಟ್ಟಿತು. ಎರಡು ಸಲ ಓದಿದೆ, ಮೂರನೆಯ ಸಲ ಎಣಿಸಿದೆ. ಸ್ವಪ್ನಿಲ್ ಎಂಬ ಹೆಸರು ಐದು ಕಡೆ ಇದೆ. ಬಸವಪ್ರಭು ಎಂಬ ಹೆಸರು ಒಂದು ಕಡೆಯೂ ಇಲ್ಲ. ಗಂಡನ ಹೆಸರು ಹೇಳಬಾರದು, ಅದು ನಮ್ಮ ಪದ್ಧತಿ ಎನ್ನುತ್ತೀ. ಸರಿ. ಮಂದಿಯ ಹೆಸರನ್ನು ಐದು ಸಲ ಹೇಳಬೇಕೆಂದು ಯಾವ ಪದ್ಧತಿಯಲ್ಲಿದೆ?

ವಹಿನಿ ಎನ್ನುತ್ತಾನಂತೆ. ಅತ್ತಿಗೆ ಎಂದು ಕರೆದವರೆಲ್ಲ ಮೈದುನರಾಗುವುದಿಲ್ಲ, ತಿಳಿದಿರು. ಮತ್ತೆ ಅವ್ವನ ಸುದ್ದಿ ಕೇಳು: ನಾನು ಮೂವತ್ತನಾಲ್ಕು ವರ್ಷದಿಂದ ಅವಳ ಮಗನಾಗಿದ್ದೇನೆ, "ಎರಡ ರೊಟ್ಟಿ ಸಾಕು, ಮೂರನೇದು ಹೊಟ್ಟಿ ಬರತೈತಿ" ಎಂದು ತಾಟು ಎಳೆದುಕೊಳ್ಳುತ್ತಾಳೆ. ಅವನಿಗೆ ನಾಲ್ಕು! ಇಲ್ಲಿ ನನ್ನ ಡಬ್ಬಿಯವನು ಕಳಿಸುವ ಚಪಾತಿಯನ್ನು ಗೋಡೆಗೆ ಎಸೆದರೆ ಗೋಡೆಯೇ ನೋವಾಯಿತೆನ್ನಬೇಕು.

ಟೆಂಭುರ್ಣಿಯ ಮಾತು ಎತ್ತಿದೆಯಲ್ಲ, ಅದೊಂದಕ್ಕೆ ಸಮಾಧಾನವಾಯಿತು. ಮದುವೆಯಾಗಿ ಮೊದಲ ಸಲ ನಿನ್ನನ್ನು ಪುಣೆಗೆ ಕರೆತರುವಾಗ, ನಾನು ಎರಡು ಚಹಾ ತರಲು ಇಳಿದಿದ್ದು, ಬಸ್ಸು ಹೊರಟಿದ್ದು, ಎರಡೂ ಕೈಯಲ್ಲಿ ಗ್ಲಾಸು ಹಿಡಿದು ಓಡಿದ್ದು. ನೀನು ಹೊಸ ಸೊಸೆ ಎನ್ನುವುದನ್ನು ಮರೆತು, "ನಿಲ್ಲಸ್ರೀ, ನಮ್ಮವರು ಉಳದಾರ!" ಎಂದು ಕನ್ನಡದಲ್ಲಿ ಕೂಗಿದ್ದೆ. ಮರಾಠಿ ಡ್ರೈವರನಿಗೆ ಅದು ಹೇಗೆ ತಿಳಿಯಿತೋ, ನಿಲ್ಲಿಸಿದ. ಗ್ಲಾಸಿನಲ್ಲಿ ಚಹಾ ಉಳಿದಿರಲಿಲ್ಲ. ಆರು ವರ್ಷವಾದರೂ ಈ ಸುದ್ದಿಯನ್ನು ನಾನು ಯಾರಿಗೂ ಹೇಳಿಲ್ಲ. ನೀನೂ ಹೇಳಿಲ್ಲ ಎಂದುಕೊಂಡಿದ್ದೇನೆ.

ಮಷಿನ್ ಹಚ್ಚಿ ಆಯಿತಲ್ಲ, ಇನ್ನು ಅವನಿಗೆ ನಮ್ಮ ಮನೆಯಲ್ಲಿ ಕೆಲಸವೇನಿದೆ?

ನಿನ್ನ
ಪ್ರಭು


ನಿಗಡಿ, ಪುಣೆ
2 ಜುಲೈ 2003

ಎಣಿಕೆಯ ಸಾಹೇಬರಿಗೆ,

ಬ್ಯಾಂಕಿನಲ್ಲಿ ನೋಟು ಎಣಿಸಿ ಎಣಿಸಿ ಚಟ ಬಿದ್ದಿದೆ ನಿಮಗೆ. ಈ ಸಲ ಹೆಸರನ್ನೇ ಬರೆಯುವುದಿಲ್ಲ, "ಅವನು" ಎನ್ನುತ್ತೇನೆ. ಎಣಿಸಿಕೊಳ್ಳಿ.

ಅವನು ಕಳೆದ ವಾರ ಎರಡು ಸಲ ಬಂದಿದ್ದ. ದೊಡ್ಡ ಚಿತ್ರ ತೆರೆದರೆ ಪರದೆ ಹೆಪ್ಪುಗಟ್ಟುತ್ತಿತ್ತು. ಒಂದು ಕಡತದಲ್ಲಿ ಒಂದೇ ಒಂದು ಸಾಲು ತಿದ್ದಿದ, ಸರಿಹೋಯಿತು. ಹೋಗುವಾಗ ಮಷಿನ್‌ನ ಒಡೆತನದ ಪಾಸ್‌ವರ್ಡನ್ನು ನನಗೇ ಕೊಟ್ಟ. ಅದೊಂದು ಗೊತ್ತಿದ್ದರೆ ಏನನ್ನು ಬೇಕಾದರೂ ಹಾಕಬಹುದು, ಕೀಳಬಹುದು. ಮರೆತರೆ ಗತಿಯೇನೆಂದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ.

ನಿಮ್ಮ ತಾಯಿಯವರು ಬರೆಸುವುದು:

"ಪ್ರಭೂ, ನನ್ನ ಸೊಂಟ ಅಡ್ಡಿಯಿಲ್ಲ. ಕೋಲ ಹಿಡದ ಅಡಗಿಮನಿ ಮಟಾ ಹೋಗತೀನಿ. ಆ ಹುಡುಗ ಭಾಳ ಚಲೋ ಅದಾನ. ಅವಂಗ ಕನ್ನಡ ಕಲಸಾಕತ್ತೀನಿ. 'ಇನ್ನೊಂದ ರೊಟ್ಟಿ ಹಾಕ್ರಿ' ಅನ್ನೂದು ಬರತೈತಿ, 'ಸಾಕ್ರಿ' ಅನ್ನೂದು ಬರವಲ್ದು. ದಿನಾ ಸಂಜೀಕ ಶೀತಲ ನನಗ ಗಾಣಾ ಹಚ್ಚಿ ತೋರಸತಾಳ. ಮೂರ ಸಾವಿರ ತಿರಗತೈತಿ. ನೀ ಬ್ಯಾಂಕಿನ್ಯಾಗ ಇಷ್ಟ ವರ್ಷ ಕಂಪೂಟರ ಮುಂದ ಕುಂತಿ, ನನಗ ಒಂದಿನಾರ ಇಂಥಾದ್ದ ತೋರಸೀಯೇನು?"

ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ. ನನ್ನ ಮೇಲೆ ಸಿಟ್ಟಾಗಬೇಡಿ.

ನಿಮ್ಮ
ಶೀತಲ್


ಬಾರ್ಶಿ
9 ಜುಲೈ 2003

ಪ್ರಿಯ ಶೀತಲ್,

ಎಣಿಸಿದೆ. ಹೇಳಿಟ್ಟ ಸಾಲು ಬಿಟ್ಟರೆ ಒಂದೇ ಸಲ "ಅವನು" ಎಂದು ಬರೆದಿದ್ದೀ. ಆದರೆ ಬಾಕಿ ಸಾಲುಗಳ ತುಂಬ ಅವನೇ ಇದ್ದಾನೆ. ನನಗೆ ಹೊಟ್ಟೆಕಿಚ್ಚು ಎನ್ನುತ್ತೀಯಾ? ಹೌದು, ಹೊಟ್ಟೆಕಿಚ್ಚೇ. ಅದರಲ್ಲಿ ಮುಚ್ಚಿಡುವುದೇನಿದೆ? ನನ್ನ ಪಡಸಾಲೆ, ನನ್ನ ಖುರ್ಚಿ, ನನ್ನ ಅವ್ವನ ರೊಟ್ಟಿ. ನಾನು ಇಲ್ಲಿ ಹತ್ತಡಿಯ ಖೋಲಿಯಲ್ಲಿ ಬಕೆಟ್ಟಿನ ಮೇಲೆ ಹಲಗೆಯಿಟ್ಟು ಪತ್ರ ಬರೆಯುತ್ತಿದ್ದೇನೆ. ಅಲ್ಲಿ ನನ್ನ ಖುರ್ಚಿಯ ಮೇಲೆ ಕೂತವನು ಒಂದು ಸಾಲು ತಿದ್ದಿದರೆ ನೀನು ಅದನ್ನು ಪವಾಡದಂತೆ ಹೇಳುತ್ತೀ.

ಒಂದು ಸಾಲು ತಾನೇ? ನಾನೂ ತಿದ್ದಬಲ್ಲೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಕಂಪ್ಯೂಟರ್ ಮಾಸಿಕ ತಗೊಂಡೆ, ಜೊತೆಗೆ ಲಿನಕ್ಸಿನ ಸಿ.ಡಿ. ಪುಕ್ಕಟೆ. ಊಟದ ಬಿಡುವಿನಲ್ಲಿ ಓದುತ್ತೇನೆ. ಪೇಟೆಯಲ್ಲಿ ಒಂದು ಕಂಪ್ಯೂಟರ್ ಕ್ಲಾಸ್ ಇದೆ, ಅಲ್ಲಿಯ ಮಾಸ್ತರರು ಭಾನುವಾರ ಒಂದು ಮಷಿನ್ ಬಿಟ್ಟುಕೊಡುತ್ತಾರೆ. ಕಡತಗಳನ್ನು ಪಟ್ಟಿ ಮಾಡುವುದು, ಹುಡುಕುವುದು, ಹೊಸದನ್ನು ಹಾಕುವುದು, ಎಲ್ಲ ಬಂತು. ಸಿ.ಡಿ.ಯಲ್ಲಿ ನಿನ್ನದಕ್ಕಿಂತ ಹೊಸ ಕರ್ನಲ್ ಇದೆ, ಮೊದಲಿನದಕ್ಕಿಂತ ಚುರುಕು ಎಂದು ಬರೆದಿದ್ದಾರೆ.

ಪಂಚಮಿಗೆ ಬರುತ್ತೇನೆ. ನೀನು ಪದ್ಧತಿಯಂತೆ ತವರಿಗೆ ಹೋಗಿ ಜೋಕಾಲಿ ಆಡಿ ಬಾ. ವಿಜಾಪುರದಲ್ಲಿ ನಿಮ್ಮವ್ವ ಉಂಡಿ ಕಟ್ಟಿ ದಾರಿ ಕಾಯುತ್ತಿರುತ್ತಾರೆ. ಅವ್ವನನ್ನು ನಾನು ನೋಡಿಕೊಳ್ಳುತ್ತೇನೆ. ಇನ್ಯಾರೂ ಬರುವುದು ಬೇಡ.

ನಿನ್ನ
ಪ್ರಭು


ನಿಗಡಿ, ಪುಣೆ
8 ಆಗಸ್ಟ್ 2003

ಪ್ರೀತಿಯ ಇವರಿಗೆ,

ಸೋಮವಾರ ನಾನು ವಿಜಾಪುರದಿಂದ ಬರುವಷ್ಟರಲ್ಲಿ ನೀವು ಮೊದಲ ಬಸ್ಸಿಗೆ ಹೊರಟುಹೋಗಿದ್ದಿರಿ. ಒಂದು ತಾಸು ಕಾದಿದ್ದರೆ ಭೆಟ್ಟಿಯಾಗುತ್ತಿತ್ತು. ಉಂಡಿಯ ಡಬ್ಬಿ ಹಾಗೇ ಇದೆ.

ನನಗೆ ಈ ವಾರ ಉಸಿರು ಬಿಡಲು ಹೊತ್ತಿರಲಿಲ್ಲ. ಮಷಿನ್ ಹಚ್ಚಿದೆ, ಕಪ್ಪು ಪರದೆ, ಬಿಳಿ ಅಕ್ಷರ. ಮತ್ತೆ ಹಚ್ಚಿದೆ, ಅದೇ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಿಲ್ಡರ್ ಮುಂದೆ ಚಿತ್ರ ತೋರಿಸಬೇಕಿತ್ತು. ನಲವತ್ತು ದಿನದ ಕೆಲಸ. ಸ್ವಪ್ನಿಲ್‌ಗೆ ಹೇಳಿ ಕಳಿಸಿದೆ (ಹೆಸರು ಬರೆದೆ, ಎಣಿಸಬೇಡಿ, ಕಾಲು ಹಿಡಿಯುತ್ತೇನೆ). ಮಂಗಳವಾರ ಬಂದವನು ನೀರೂ ಕುಡಿಯದೆ ಕೂತ. ಒಂದು ತಾಸಾದ ಮೇಲೆ ಒಮ್ಮೆ ಕೈ ತೆಗೆದು ಸುಮ್ಮನೆ ಪರದೆ ನೋಡಿದ. "ಏನಾಯಿತು?" ಎಂದರೆ, "ಏನಿಲ್ಲ ವಹಿನಿ, ಡ್ರೈವರ್ ಮೊದಲಿನಿಂದ ಹಾಕಬೇಕು," ಎಂದ. ಎಲ್ಲ ಮುಗಿಯುವಾಗ ಬುಧವಾರ ಮಧ್ಯಾಹ್ನವಾಗಿತ್ತು. ಬಿಲ್ಡರ್ ಎದ್ದು ಹೋಗಿದ್ದ. ನನ್ನ ಚಿತ್ರಗಳು ಉಳಿದವು, ಕೆಲಸ ಕೈತಪ್ಪಿತು.

ಗುರುವಾರ ಆಫೀಸಿನಲ್ಲಿ ವಿಚಾರಣೆ. ಇದು ಹೇಗಾಯಿತೆಂದು ಸಾಹೇಬರು ಕೇಳಿದರು. ಅವನು, "ಚೂಕ್ ಮಾಝೀ ಆಹೇ, ತಪ್ಪು ನನ್ನದು, ಡ್ರೈವರ್ ನಾನೇ ಸರಿಯಾಗಿ ಹಾಕಿರಲಿಲ್ಲ," ಎಂದುಬಿಟ್ಟ. ಬೇರೇನೂ ಹೇಳಲಿಲ್ಲ. ಕರಾರು ಮುರಿದು ಅಂದೇ ಮನೆಗೆ ಕಳಿಸಿದರು. ಅವನ ತಪ್ಪು ಎಂದು ನನಗೆ ನಂಬಿಕೆಯಾಗುತ್ತಿಲ್ಲ. ಎರಡು ತಿಂಗಳು ಸರಿಯಾಗಿ ನಡೆದದ್ದು ತಾನಾಗಿಯೇ ಹೇಗೆ ಕೆಟ್ಟೀತು? ಇನ್ನೊಮ್ಮೆ ಹೀಗಾದರೆ ಮಷಿನ್ ಹೊತ್ತು ಒಯ್ಯುತ್ತೇವೆ ಎಂದು ನನಗೂ ಹೇಳಿದ್ದಾರೆ. ಆಗ ಅತ್ತೆಯನ್ನು ಯಾರ ಕೈಗೆ ಕೊಡಲಿ?

ನೀವಿದ್ದ ಎರಡು ದಿನದಲ್ಲಿ ಕರೆಂಟು ಹೋಗಿತ್ತೇ? ಮಷಿನ್ ಏನಾದರೂ ಹಚ್ಚಿದ್ದಿರಾ? ನೆನಪು ಮಾಡಿಕೊಂಡು ಬರೆಯಿರಿ.

ನಿಮ್ಮ
ಶೀತಲ್


ಬಾರ್ಶಿ
13 ಆಗಸ್ಟ್ 2003

ಪ್ರಿಯ ಶೀತಲ್,

ಓದಿ ಬೇಸರವಾಯಿತು. ಮೊದಲ ಬಸ್ಸು ಹಿಡಿಯದಿದ್ದರೆ ಹಾಜರಿ ತಪ್ಪುತ್ತಿತ್ತು, ಅದಕ್ಕೆ ಹೊರಟೆ.

ನಾನು ನಿನ್ನ ಮಷಿನ್ ಹಚ್ಚಲಿಲ್ಲ. ಅದರ ಮೇಲಿನ ಬಟ್ಟೆಯನ್ನು ಸಹ ಸರಿಸಲಿಲ್ಲ. ಕರೆಂಟು ಹೋಗಿ ಬಂದಿರಬಹುದು, ನೆನಪಿಲ್ಲ. ಅವನೇ ತನ್ನ ತಪ್ಪು ಎಂದು ಒಪ್ಪಿಕೊಂಡ ಮೇಲೆ ನೀನೇಕೆ ಅವನ ಪರ ವಕೀಲಿ ಮಾಡುತ್ತೀ? ನಾನು ಮೊದಲೇ ಹೇಳಿದ್ದೆ. ನಾಲ್ಕು ರೊಟ್ಟಿ ತಿನ್ನುವವರೆಲ್ಲ ಕೆಲಸಗಾರರಲ್ಲ. ಅರ್ಧ ವಿದ್ಯೆ ಕಲಿತವರು ಮಂದಿಯ ಮನೆಯಲ್ಲಿ ಪ್ರಯೋಗ ಮಾಡಿದರೆ ಇದೇ ಗತಿ. ನೌಕರಿ ಹೋದದ್ದು ಕೆಟ್ಟದ್ದೇ, ಆದರೆ ಮಾಡಿದ್ದುಣ್ಣೋ ಮಹಾರಾಯ.

ಇನ್ನಾದರೂ ಮನೆಯಲ್ಲಿ ಮಂದಿಯ ಓಡಾಟ ಕಡಿಮೆಯಾಗುತ್ತದೆ. ಅವ್ವನಿಗೆ ಸಂಜೆ ಗಾಣ ತೋರಿಸುತ್ತಿದ್ದೀಯಲ್ಲ?

ನಿನ್ನ
ಪ್ರಭು


ನಿಗಡಿ, ಪುಣೆ
22 ಆಗಸ್ಟ್ 2003

ಇವರಿಗೆ,

ಪತ್ರ ಮುಟ್ಟಿತು. ಅತ್ತೆಯ ಸೊಂಟ ಗುಣವಾಗುತ್ತಿದೆ. ಇಲ್ಲಿ ಮಳೆ ಹಿಡಿದಿದೆ, ಬಟ್ಟೆ ಒಣಗುತ್ತಿಲ್ಲ. ಗಾಣ ತಿರುಗುತ್ತಿದೆ.

ನಿಮಗೆ ಇನ್ನೇನಾದರೂ ಬರೆಯುವುದಿದ್ದರೆ ಬರೆಯಿರಿ.

ರುದ್ರವ್ವನವರ ಸೊಸೆ
ಶೀತಲ್


ಬಾರ್ಶಿ
5 ಸೆಪ್ಟೆಂಬರ್ 2003

ಪ್ರಿಯ ಶೀತಲ್,

ಇದು ನಿನ್ನ ಆ ನಾಲ್ಕು ಸಾಲಿನ ಪತ್ರದ ನಂತರ ನಾನು ಬರೆಯುತ್ತಿರುವ ಮೂರನೆಯದು. ಹಿಂದಿನ ಎರಡಕ್ಕೂ ಉತ್ತರವಿಲ್ಲ. ಶನಿವಾರ ಫೋನು ಮಾಡಿದರೆ ಅವ್ವನೇ ಎತ್ತುತ್ತಾಳೆ. "ಶೀತಲ ಕೆಲಸದಾಗ ಅದಾಳ," ಎನ್ನುತ್ತಾಳೆ. ಹಿಂದೆ ಕೀಲಿಮಣೆಯ ಸದ್ದು ಕೇಳಿಸುತ್ತದೆ. ನಾನು ಮಾತಾಡುತ್ತಿರುವಾಗಲೂ ಆ ಸದ್ದು ನಿಲ್ಲುವುದಿಲ್ಲ.

"ನಿಮ್ಮ" ಎಂಬ ಒಂದು ಮಾತು ಸಹಿಯ ಮೇಲೆ ಇರುತ್ತಿತ್ತು. ರುದ್ರವ್ವನವರ ಸೊಸೆಯಂತೆ. ರುದ್ರವ್ವನಿಗೆ ಒಬ್ಬ ಮಗ ಇದ್ದಾನೆ ಎಂದು ನೆನಪು ಮಾಡಲು ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿದ್ದರೆ ಬೈದು ಬರೆ.

ಅವನೇನಾದರೂ ಮತ್ತೆ ಬಂದಿದ್ದನೇ?

ನಿನ್ನ
ಪ್ರಭು


ಬಾರ್ಶಿ
19 ಸೆಪ್ಟೆಂಬರ್ 2003

ಶೀತಲ್,

ನಿನ್ನೆ ಬ್ಯಾಂಕಿನಲ್ಲಿ ಒಂದು ಘಟನೆ ನಡೆಯಿತು. ನಮ್ಮ ಜವಾನ ಮಧುಕರ, ಮೂವತ್ತು ವರ್ಷದ ನೌಕರಿಯವನು. ಒಂದು ರಜಿಸ್ಟರು ಚಹಾ ಚೆಲ್ಲಿ ಹಾಳಾಗಿತ್ತು. ಮ್ಯಾನೇಜರು ಅವನನ್ನು ಎಲ್ಲರೆದುರು ಬೈದರು. ಚೆಲ್ಲಿದವರು ಮ್ಯಾನೇಜರೇ, ಅದು ಅವರಿಗೂ ಗೊತ್ತು, ಅವನಿಗೂ ಗೊತ್ತು. ಮಧುಕರ "ಹೋ ಸಾಹೇಬ್" ಎಂದು ತಲೆ ಬಗ್ಗಿಸಿದ. ನನಗೆ ಊಟ ಸೇರಲಿಲ್ಲ.

ಬರೆದುಬಿಡುತ್ತೇನೆ. ನಾನು ನಿನ್ನ ಮಷಿನ್ ಹಚ್ಚಿದ್ದೆ.

ಭಾನುವಾರ ಮಧ್ಯಾಹ್ನ. ಅವ್ವ, "ಗಾಣಾ ಹಚ್ಚೋ," ಎಂದಳು. ಹಚ್ಚಿದೆ, ತಿರುಗಿತು. ಮೂರು ಸಾವಿರ. "ನೋಡಪಾ, ಆ ಹುಡುಗನ ಕೈಗುಣಾ," ಎಂದಳು. ಅಷ್ಟೇ ಸಾಕಾಯಿತು ನನಗೆ. ಇದನ್ನು ನಾಲ್ಕು ಸಾವಿರ ಮಾಡಿ ತೋರಿಸುತ್ತೇನೆ, ಆಗ ಯಾರ ಕೈಗುಣ ಎಂದು ಹೇಳು ಎಂದುಕೊಂಡೆ. ಕ್ಯಾಲೆಂಡರಿನ ಹಿಂದಿನಿಂದ ಪಾಸ್‌ವರ್ಡ್ ತೆಗೆದು, ಮಾಸಿಕದ ಸಿ.ಡಿ. ಹಾಕಿ, ಹೊಸ ಕರ್ನಲ್ ಏರಿಸಿದೆ. ಹಳೆಯದನ್ನು ಪಕ್ಕದಲ್ಲಿ ಉಳಿಸಿಕೊಂಡು ಹೊಸದನ್ನು ಹಾಕುವ ರೀತಿ ಒಂದು, ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಹಾಕುವ ರೀತಿ ಇನ್ನೊಂದು. ವ್ಯತ್ಯಾಸ ಒಂದೇ ಅಕ್ಷರದ್ದು. ನಾನು ಅಳಿಸುವ ಅಕ್ಷರ ಒತ್ತಿದೆ. ಮಷಿನ್ ಮತ್ತೆ ಎದ್ದಾಗ ಕಪ್ಪು ಪರದೆ. ನೀನು ಮೊದಲ ಪತ್ರದಲ್ಲೇ ಬರೆದಿದ್ದೆ, ಕರ್ನಲ್ ಬದಲಾದರೆ ಅಂಗಿ ಬರುವುದಿಲ್ಲ ಎಂದು. ನಾನು ಆ ಪತ್ರದಲ್ಲಿ ಹೆಸರುಗಳನ್ನು ಎಣಿಸಿದೆ, ಅದನ್ನು ಓದಲಿಲ್ಲ.

ಸಂಜೆಯವರೆಗೆ ಒದ್ದಾಡಿದೆ. ಆಮೇಲೆ ಬಟ್ಟೆ ಮುಚ್ಚಿದೆ. ಅವ್ವನಿಗೆ, ಕರೆಂಟು ಕಡಿಮೆಯಿದೆ ಎಂದೆ. ನಿನ್ನ ಮುಖ ನೋಡುವ ಧೈರ್ಯವಿಲ್ಲದೆ ಮೊದಲ ಬಸ್ಸಿಗೆ ಓಡಿದೆ. ಮಂಗ್ಯಾನ ಕೈಯಲ್ಲಿ ಮಾಣಿಕ ಸಿಕ್ಕಂತಾಯಿತು.

ಅವನು ತಪ್ಪೊಪ್ಪಿಕೊಂಡ ಎಂದು ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಸಂತೋಷವೇ ಆಯಿತು. ಒಬ್ಬನ ಅನ್ನ ಹೋದದ್ದಕ್ಕೆ ನಾನು ಆ ದಿನ ಹೋಟೆಲಿಗೆ ಹೋಗಿ ಶೀರಾ ತಿಂದೆ.

ನೀನು ಏನು ಮಾಡೆನ್ನುತ್ತೀಯೋ ಅದನ್ನು ಮಾಡುತ್ತೇನೆ.

ಪ್ರಭು


ನಿಗಡಿ, ಪುಣೆ
26 ಸೆಪ್ಟೆಂಬರ್ 2003

ಇವರಿಗೆ,

ಆರು ವಾರದಿಂದ ಈ ಪತ್ರದ ದಾರಿ ನೋಡುತ್ತಿದ್ದೆ. ನನಗೆ ಮೊದಲೇ ಗೊತ್ತಿತ್ತು.

ಆ ಮಷಿನ್‌ಗೆ ಒಂದು ಗುಣವಿದೆ, ನಿಮ್ಮ ಮಾಸಿಕದಲ್ಲಿ ಬರೆದಿರಲಿಕ್ಕಿಲ್ಲ. ಯಾರು ಏನು ಒತ್ತಿದರೂ ನೆನಪಿಟ್ಟುಕೊಳ್ಳುತ್ತದೆ. ಮೇಲ್ಗಡೆಯ ಬಾಣದ ಕೀಲಿ ಒತ್ತಿದರೆ ಹಿಂದೆ ಬರೆದದ್ದೆಲ್ಲ ಒಂದೊಂದಾಗಿ ವಾಪಸ್ ಬರುತ್ತದೆ. ನಿಮ್ಮ 13ನೆಯ ತಾರೀಖಿನ ಪತ್ರ ಬಂದ ದಿನ, ಸ್ವಪ್ನಿಲ್ ಬರೆದಿದ್ದ ಒಂದು ಆಜ್ಞೆ ಬೇಕೆಂದು ಬಾಣ ಒತ್ತುತ್ತಾ ಹೋದೆ. ಅವನದೆಲ್ಲ ಮುಗಿದ ಮೇಲೆ ನಿಮ್ಮದು ಶುರುವಾಯಿತು. ನಿಮ್ಮದೇ ಎಂದು ಹೇಗೆ ತಿಳಿಯಿತು? ಪ್ರತಿಯೊಂದನ್ನೂ ಮೂರು ಸಲ ತಪ್ಪಾಗಿ ಒತ್ತಿದ್ದಿರಿ.

ಕರ್ನಲ್ ಅಳಿಸಿದ್ದು ಕಂಡಿತು. ಅದಕ್ಕೆ ನನಗೆ ಸಿಟ್ಟು ಬರಲಿಲ್ಲ. ಕೆಡಿಸದೆ ಯಾರೂ ಕಲಿಯುವುದಿಲ್ಲ. ಬಾಣವನ್ನು ಇನ್ನೂ ಒತ್ತಿದೆ. ಕರ್ನಲ್‌ಗಿಂತ ಮೊದಲು ನೀವು ಇನ್ನೊಂದು ಕೆಲಸ ಮಾಡಿದ್ದಿರಿ. ಅದನ್ನು ಈ ಪತ್ರದಲ್ಲೂ ಬರೆದಿಲ್ಲ. ನನ್ನ ಕಡತಗಳ ಕಪಾಟಿಗೆ ಹೋಗಿ, ಅವುಗಳಲ್ಲಿ ಎಲ್ಲೆಲ್ಲಿ "ಸ್ವಪ್ನಿಲ್" ಎಂದಿದೆ ಹುಡುಕು ಎಂದು ಮಷಿನ್‌ಗೆ ಹೇಳಿದ್ದಿರಿ. ಸಿಗಲಿಲ್ಲವೆಂದು ಬೇರೆ ಬೇರೆ ಅಕ್ಷರದಲ್ಲಿ ಮತ್ತೆರಡು ಸಲ. ನಾನೂ ಅದನ್ನೇ ಒತ್ತಿ ನೋಡಿದೆ. ಕೊನೆಗೆ ಏನು ಸಿಕ್ಕಿತು? "ಡ್ರೈವರ್ ಹಾಕಿದ್ದು: ಸ್ವಪ್ನಿಲ್, 9 ಜೂನ್." ಅಷ್ಟೇ. ಅದು ಸಾಲದೆ ನಿಮಗೆ ಇನ್ನಷ್ಟು ಸಿಟ್ಟು ಬಂದಿರಬೇಕು.

ಆ ದಿನ ನಾನು ಅಡಿಗೆ ಮಾಡಲಿಲ್ಲ. ಅತ್ತೆ ಕೋಲು ಹಿಡಿದು ಹೋಗಿ ತಾವೇ ಅನ್ನ ಇಟ್ಟರು.

ಆಮೇಲೆ ಹೊಳೆಯಿತು. ಮಂಗಳವಾರ ಸ್ವಪ್ನಿಲ್ ಕೈ ತೆಗೆದು ಪರದೆ ನೋಡಿದನಲ್ಲ, ಅವನೂ ಇದೇ ಬಾಣ ಒತ್ತಿದ್ದ. ತನ್ನ ಹೆಸರನ್ನು ಮೂರು ತರಹ ಬರೆದು ಹುಡುಕಿದ್ದನ್ನು ಅವನು ನನಗಿಂತ ಮೊದಲೇ ನೋಡಿದ್ದ. ಆಫೀಸಿನಲ್ಲಿ ಮಷಿನ್ ತೆರೆದು ಆ ಸಾಲುಗಳನ್ನು ತೋರಿಸಿದ್ದರೆ ಅವನ ನೌಕರಿ ಉಳಿಯುತ್ತಿತ್ತು. ನಮ್ಮ ಮನೆಯ ಮಾತು ಹತ್ತು ಜನರ ಬಾಯಿಗೆ ಬೀಳುತ್ತಿತ್ತು. ಅವನು ತಪ್ಪು ತನ್ನದೆಂದ.

ಮರುದಿನವೇ ವಿಮಾನ ನಗರಕ್ಕೆ ಹೋಗಿ ಸಾಹೇಬರಿಗೆ ನಿಜ ಹೇಳಿದೆ. ನನ್ನ ಮನೆಯವರು ಹೊಸ ಕರ್ನಲ್ ಹಾಕಿ ಕೆಡಿಸಿದರು, ಪಾಸ್‌ವರ್ಡನ್ನು ಕಣ್ಣಿಗೆ ಕಾಣುವಲ್ಲಿ ಇಟ್ಟ ತಪ್ಪು ನನ್ನದು ಎಂದೆ. ಹುಡುಕಿದ ಮಾತು ಮಾತ್ರ ಹೇಳಲಿಲ್ಲ. ಮಷಿನ್ ದೀಪಾವಳಿಯವರೆಗೆ ಇರಲಿ, ಆಮೇಲೆ ನೋಡೋಣ ಎಂದಿದ್ದಾರೆ. ಸ್ವಪ್ನಿಲ್‌ನನ್ನು ವಾಪಸ್ ಕರೆದರು. ಅವನು ಹೋಗಿಲ್ಲ. ಶಿವಾಜಿನಗರದಲ್ಲಿ ಮಷಿನ್ ರಿಪೇರಿಯ ಅಂಗಡಿಯೊಂದರಲ್ಲಿ ಕೂರುತ್ತಾನೆ, ಸಂಬಳ ಅರ್ಧ. ನಮ್ಮ ಮನೆಗೂ ಬರುವುದಿಲ್ಲ. ಅತ್ತೆ ದಿನಾ ಸಂಜೆ, "ಆ ಹುಡುಗ ಯಾಕ ಬರವಲ್ಲ?" ಎನ್ನುತ್ತಾರೆ. ಅವರಿಗೆ ನಾನೇನು ಹೇಳಲಿ?

ನೀವು ನನ್ನನ್ನು ಕೇಳಬಹುದಿತ್ತು. ಬೈದಾದರೂ ಕೇಳಬಹುದಿತ್ತು. ಮಷಿನ್ ಅನ್ನು ಕೇಳಿದಿರಿ.

ಏನು ಮಾಡಲಿ ಎಂದಿದ್ದೀರಿ. ಹೇಳುತ್ತೇನೆ. ಒಡೆತನದ ಪಾಸ್‌ವರ್ಡ್ ಬದಲಾಯಿಸಿದ್ದೇನೆ, ಅದು ಇನ್ನು ಕ್ಯಾಲೆಂಡರಿನ ಹಿಂದೆ ಸಿಗುವುದಿಲ್ಲ. ನಿಮಗಾಗಿ ಬೇರೆ ಒಂದು ಖಾತೆ ತೆರೆದಿದ್ದೇನೆ. ಅದರೊಳಗೆ ನೀವು ಏನು ಮಾಡಿದರೂ ಬೇರೆಯವರದು ಕೆಡುವುದಿಲ್ಲ. ಗಾಣ ತಿರುಗಿಸಬಹುದು, ಕಲಿಯಬಹುದು. ಖಾತೆಗೆ ಹೆಸರು ಕೊಡಬೇಕಾಯಿತು. ಮದುವೆಯಲ್ಲಿ ಒಡಪು ಹಾಕಿ ಹೇಳಿದ್ದು, ಲಕೋಟೆಯ ಮೇಲೆ ವಿಳಾಸ ಬರೆಯುವುದು ಬಿಟ್ಟರೆ ಮೊದಲ ಸಲ ನಿಮ್ಮ ಹೆಸರನ್ನು ನನ್ನ ಕೈಯಿಂದ ಬರೆದೆ. ಐದು ಸಲ ಬರೆಯಿರಿ ಎಂದು ಕೇಳಬೇಡಿ.

ಆ ಖಾತೆಯ ಪಾಸ್‌ವರ್ಡ್ ನಾನು ನಿಮಗೆ ಕೊಡುವುದಿಲ್ಲ. ಒಂದು ಚೀಟಿಯಲ್ಲಿ ಬರೆದು ಸ್ವಪ್ನಿಲ್‌ನ ಕೈಯಲ್ಲಿ ಕೊಟ್ಟಿದ್ದೇನೆ. ದಸರೆಗೆ ರಜೆ ಇದೆಯಲ್ಲ. ಹೋಗಿ ಕೇಳಿ ತಗೊಳ್ಳಿ.

ಶೀತಲ್


ಶಿವಾಜಿನಗರ, ಪುಣೆ
5 ಅಕ್ಟೋಬರ್ 2003, ಮಧ್ಯಾಹ್ನ

ಪ್ರಿಯ ಶೀತಲ್,

ಇದನ್ನು ಅಂಚೆಗೆ ಹಾಕುವುದಿಲ್ಲ. ಇನ್ನೊಂದು ತಾಸಿಗೆ ನಿಗಡಿಗೆ ಬಂದು ನಿನ್ನ ಕೈಯಲ್ಲೇ ಇಡುತ್ತೇನೆ. ಅವ್ವನ ಮಂಚದ ಮುಂದೆ ನಿಂತು ಇದನ್ನೆಲ್ಲ ಬಾಯಿಂದ ಹೇಳಲು ನನಗೆ ಬರುವುದಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಅವನ ಮನೆ ಹುಡುಕಲು ಕಷ್ಟವಾಗಲಿಲ್ಲ. ಕೈಯಲ್ಲಿ ಬನ್ನಿ ಎಲೆ ಹಿಡಿದು ಹೋಗಿದ್ದೆ. ಅವನೇ ಬಾಗಿಲು ತೆರೆದ. ನಾನು ಅಂದುಕೊಂಡಂತೆ ಸಿನಿಮಾದವನ ಹಾಗಿಲ್ಲ. ಮುಂದಿನ ಹಲ್ಲು ಸ್ವಲ್ಪ ಉಬ್ಬು, ಕೈಗೆಲ್ಲ ಬೆಸುಗೆಯ ಕಲೆ. ನಾಲ್ಕು ತಿಂಗಳು ನಾನು ಹೊಟ್ಟೆಕಿಚ್ಚುಪಟ್ಟದ್ದು ನಾನೇ ಕಟ್ಟಿಕೊಂಡ ಒಬ್ಬನ ಮೇಲೆ. ಹಾಗೆಂದು ಇವನನ್ನು ನೋಡಿದ ಮೇಲೆ ಕಿಚ್ಚು ಆರಿತು ಎನ್ನಲಾರೆ. ಇವನು ಒಳ್ಳೆಯವನು. ಒಳ್ಳೆಯವನ ಮೇಲೆ ಕಿಚ್ಚು ಇನ್ನೂ ಹೆಚ್ಚು.

ಬನ್ನಿ ಕೊಟ್ಟೆ. "ನಿಮ್ಮ ನೌಕರಿ ಹೋದದ್ದು ನನ್ನಿಂದ. ನಿಮ್ಮ ಹೆಸರನ್ನು ಹುಡುಕಿದವನೂ ನಾನೇ," ಎಂದೆ. ಮರಾಠಿಯಲ್ಲಿ ಎಷ್ಟು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆನೋ, ಅರ್ಧಕ್ಕೇ ತೊದಲಿತು. ಅವನು ಎಲೆಯನ್ನು ದೇವರ ಗೂಡಿನಲ್ಲಿಟ್ಟು ಬಂದ. ಆಮೇಲೆ, ನನಗೂ ಸಿಟ್ಟು ಬಂದಿತ್ತು ದಾದಾ, ಈಗಲೂ ಸ್ವಲ್ಪ ಇದೆ ಎಂದ. ಇರಲಿ ಎಂದೆ. ಅಷ್ಟಕ್ಕೆ ಇಬ್ಬರಿಗೂ ಹಗುರವಾಯಿತು. ಆಫೀಸಿಗೆ ವಾಪಸ್ ಹೋಗಿ, ಬೇಕಾದರೆ ನಿಮ್ಮ ಸಾಹೇಬರ ಮುಂದೆ ನಾನೇ ಬಂದು ಹೇಳುತ್ತೇನೆ ಎಂದೆ. ನೋಡೋಣ ಎಂದ. ನಾಳೆ ಬೆಳಿಗ್ಗೆ ಬಾರ್ಶಿಯ ಬಸ್ಸು ಹತ್ತುವುದಿಲ್ಲ. ರಜೆ ಹಾಕಿದ್ದೇನೆ. ಅವನು ಬರಲಿ ಬಿಡಲಿ, ನಾನು ವಿಮಾನ ನಗರಕ್ಕೆ ಹೋಗುತ್ತೇನೆ.

ಎದ್ದು ನಿಂತಾಗ ಅವ್ವ ಕಲಿಸಿದ ಕನ್ನಡದಲ್ಲಿ, "ಚಾ ಕುಡದ ಹೋಗ್ರಿ," ಎಂದ. ಕುಡಿದೆ.

ಆಮೇಲೆ ಅಂಗಿಯ ಜೇಬಿನಿಂದ ಚೀಟಿ ತೆಗೆದುಕೊಟ್ಟ. ಮಡಿಕೆ ಹರಿದುಹೋಗುವಂತಾಗಿತ್ತು, ಎಷ್ಟೋ ಸಲ ಬಿಚ್ಚಿ ನೋಡಿರಬೇಕು. ನಿನ್ನ ಕೈಬರಹ, ಇಂಗ್ಲಿಷ್ ಅಕ್ಷರ, ಒಂದಕ್ಕೊಂದು ಅಂಟಿಸಿ ಬರೆದಿದ್ದೆ. ಮೊದಲು ಟೆಂಭುರ್ಣಿ, ಆಮೇಲೆ ಎರಡರ ಅಂಕಿ, ಆಮೇಲೆ ಚಹಾ. ನಾನು ಓದಿ ಗೋಡೆಯ ಕಡೆ ತಿರುಗಿದೆ. ಶೀತಲ್, ಕಣ್ಣಲ್ಲಿ ನೀರು ಬಂತು.

"ದಾದಾ, ಇದರ ಅರ್ಥ ಏನು? ಹತ್ತು ದಿನದಿಂದ ಯೋಚಿಸುತ್ತಿದ್ದೇನೆ," ಎಂದು ಕೇಳಿದ.

ಇವನಿಗೆ ಎಲ್ಲ ಹೇಳಬೇಕೆಂದೇ ಬಂದವನು ನಾನು. ಆದರೂ ಇದೊಂದನ್ನು ಹೇಳಲಿಲ್ಲ. ಚೀಟಿ ಮಡಿಚಿ ಜೇಬಿಗೆ ಹಾಕಿಕೊಂಡು, "ನಮ್ಮ ಮನೀ ಮಾತ್ರೀ," ಎಂದು ಎದ್ದು ಬಂದೆ. ಅಷ್ಟು ಹೊಟ್ಟೆಕಿಚ್ಚು ನನ್ನಲ್ಲಿ ಉಳಿಯಲಿ ಬಿಡು.

ಲೋಕಲ್ ಬಂತು. ಈ ಸಲ ಚಹಾಕ್ಕೆ ಇಳಿಯುವುದಿಲ್ಲ.

ನಿನ್ನ
ಬಸವಪ್ರಭು